ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚು: ಇವರಿಗೆ ಓದಬೇಕು ಅನ್ನಿಸುವುದು ಯಾವುದರಿಂದ?

ಎಡದಂಡೆ_ಟೀಚರ್

ಸಿಂಧನೂರು ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ಹತ್ತು ಹನ್ನೆರಡು ಮಕ್ಕಳ ಒಂದು ಗುಂಪಿದೆ. ಗಲಾಟೆ ಮಾಡುವುದಿಲ್ಲ, ಎದುರು ಮಾತಾಡುವುದಿಲ್ಲ. ಸುಮ್ನೆ ಕೂತಿರುತ್ತಾರೆ. ಬರೆಯಿರಿ ಅಂದರೆ ಬೋರ್ಡ್ ನೋಡಿ ಬರೆಯುತ್ತಾರೆ. ಏನು ಬರೆದೆ ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ. ಹತ್ತಿ ಬಿಡಿಸುವ ಸೀಸನ್ ಬಂತು ಅಂದರೆ ಅರ್ಧ ಜನ ಕಾಣುವುದೇ ಇಲ್ಲ. ಒಂದಿಬ್ಬರು ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಯುಗಾದಿ ಹೊತ್ತಿಗೆ ವಾಪಸ್ ಬರುತ್ತಾರೆ.

ತರಬೇತಿಯಲ್ಲಿ ಹೇಳಿದ ಹಾಗೆ "ಮುಂದೆ ಏನಾಗಬೇಕು" ಅಂತ ಚೀಟಿಯಲ್ಲಿ ಬರೆಸಿದೆ. ಪೊಲೀಸ್, ಟೀಚರ್, ಡಾಕ್ಟರ್. ಎಲ್ಲಾ ನನ್ನನ್ನು ಖುಷಿಪಡಿಸಲು ಬರೆದದ್ದು. ಒಬ್ಬ ಪಕ್ಕದವನ ಚೀಟಿ ನೋಡಿ ಬರೆದಿದ್ದ, ಅವನ ಕಾಗುಣಿತದ ತಪ್ಪೂ ಸೇರಿಸಿ.

ಇಂಥ ಮಕ್ಕಳಿಗೆ ಯಾವುದರಲ್ಲಿ ಮನಸ್ಸಿದೆ ಅಂತ ಪತ್ತೆ ಹಚ್ಚುವುದು ಹೇಗೆ? ನೀವು ನಿಜವಾಗಿ ಮಾಡಿ ನೋಡಿದ್ದು ಇದ್ದರೆ ಹೇಳಿ. ದಯವಿಟ್ಟು ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟನ್ನೇ ಆರಿಸಿದ ನೋಟ್ಸ್) ಕಳಿಸಬೇಡಿ. ಅದು ಹತ್ತನೇ ಕ್ಲಾಸಿಗೆ ಹೇಗೂ ಬಂದೇ ಬರುತ್ತದೆ.

ಮಿರ್ಚಿ_ಮಂಡಕ್ಕಿ

ಮೊಬೈಲ್ ಕಸಿದುಕೊಳ್ಳಿ ಮೇಡಂ. ಎಲ್ಲಾ ತಾನೇ ಸರಿಹೋಗುತ್ತದೆ.

ಎಡದಂಡೆ_ಟೀಚರ್

ಕಸಿದುಕೊಳ್ಳಲು ಅವರ ಹತ್ತಿರ ಇದ್ದರೆ ತಾನೇ ಸರ್. ಮನೆಗೆ ಒಂದೇ ಫೋನ್, ಅದೂ ಅಪ್ಪನ ಜೇಬಿನಲ್ಲಿ. ಮೊಬೈಲ್ ಹಾವಳಿ ಇರುವುದು ಮುಂದಿನ ಬೆಂಚಿನವರಲ್ಲಿ.

ಲಿಂಗಸುಗೂರು_ಲೆಕ್ಕ

ಗಣಿತ ಶಿಕ್ಷಕ, ಈಗ ನಿವೃತ್ತ. ಮೇಡಂ, ನಿಮ್ಮ ಪ್ರಶ್ನೆಗಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ. ಆ ಹನ್ನೆರಡು ಮಕ್ಕಳಿಗೆ ಓದಲು ಬರುತ್ತದೆಯೇ? ಸಮಾಜ ವಿಜ್ಞಾನದ ಪುಸ್ತಕ ಬಿಡಿ. ಎರಡನೇ ಕ್ಲಾಸಿನ ಕನ್ನಡ ಪುಸ್ತಕದ ಒಂದು ಪುಟ?

ಒಬ್ಬೊಬ್ಬರನ್ನೇ ಕರೆಯಿರಿ. ಬೇರೆ ಮಕ್ಕಳ ಮುಂದೆ ಖಂಡಿತ ಬೇಡ. ಹಳ್ಳಿ ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಯವರು ಮಾಡುವ ಹಾಗೆ ಮಾಡಿ. ಒಂದು ಹಾಳೆಯಲ್ಲಿ ಬಿಡಿ ಅಕ್ಷರ, ಆಮೇಲೆ ಪದ, ಆಮೇಲೆ ನಾಲ್ಕು ಸಾಲಿನ ಪ್ಯಾರಾ, ಕೊನೆಗೆ ಒಂದು ಚಿಕ್ಕ ಕಥೆ. ಎಲ್ಲಿ ನಿಲ್ಲುತ್ತಾರೆ ಅಂತ ಗುರುತು ಹಾಕಿಕೊಳ್ಳಿ. ಅದು ಅವರ ನಿಜವಾದ ಕ್ಲಾಸು. ಹಾಜರಿ ಪುಸ್ತಕದಲ್ಲಿ ಇರುವುದು ವಯಸ್ಸು ಅಷ್ಟೇ.

ಒತ್ತಕ್ಷರ ಬಂದ ಕೂಡಲೇ ನಿಂತುಬಿಡುವ ಒಂಬತ್ತನೇ ಕ್ಲಾಸಿನವರನ್ನು ನನ್ನ ಸರ್ವಿಸ್ ಪೂರ್ತಿ ನೋಡಿದ್ದೇನೆ. ಓದಲು ಬರದ ಹುಡುಗನಿಗೆ ದಿನಕ್ಕೆ ಏಳು ಪೀರಿಯಡ್ ಅಂದರೆ ಏಳು ಸಲ ಅವಮಾನ. ಅವನು ಕಂಡುಕೊಂಡ ದಾರಿ ಸುಮ್ನೆ ಕೂರುವುದು. "ಬರಲ್ಲ" ಅನ್ನುವುದಕ್ಕಿಂತ "ಇಷ್ಟ ಇಲ್ಲ" ಅನ್ನಿಸಿಕೊಳ್ಳುವುದು ಅವನಿಗೆ ಮರ್ಯಾದೆ. ನಾವು ಅದನ್ನು ನಂಬಿಕೊಂಡು ಆಸಕ್ತಿ ಹುಡುಕಲು ಹೊರಡುತ್ತೇವೆ.

ಅಸರ್ ನಡೆಸುವ ಪ್ರಥಮ್ ಸಂಸ್ಥೆಯವರ ಪದ್ಧತಿ ಇದೇ ಅಲ್ವಾ. ವಯಸ್ಸು ನೋಡದೆ ಮಟ್ಟ ನೋಡಿ ಗುಂಪು ಮಾಡಿ, ದಿನಕ್ಕೆ ಸ್ವಲ್ಪ ಹೊತ್ತು ಆ ಮಟ್ಟದ್ದನ್ನೇ ಕಲಿಸುವುದು. ಒಂದು ಪುಟ ತಡವರಿಸದೆ ಓದಿದ ದಿನ ಹುಡುಗನ ಮುಖ ನೋಡಿ. ಆಸಕ್ತಿ ಆಮೇಲೆ ತಾನಾಗಿ ಬರುತ್ತದೆ.

ಗವಿಮಠದ_ದಾರಿ

ಕೊಪ್ಪಳದಿಂದ. ಲೆಕ್ಕ ಸರ್ ಹೇಳಿದ್ದು ಸರಿ, ಆದರೆ ನಿಧಾನ. ನಮ್ಮ ಶಾಲೆಯಲ್ಲಿ ಬಹುಮಾನ ಇಟ್ಟೆವು. ತಿಂಗಳು ಪೂರ್ತಿ ಹಾಜರಾದವರಿಗೆ ಜಾಮಿಟ್ರಿ ಬಾಕ್ಸ್, ಮಗ್ಗಿ ಒಪ್ಪಿಸಿದವರಿಗೆ ಪೆನ್ನು. ಮಕ್ಕಳು ಓಡಿ ಬಂದರು. ಮಗ್ಗಿ ಬಾರದವನೂ ಹತ್ತೊಂಬತ್ತರ ಮಗ್ಗಿ ಹೇಳಿದ. ದಾನಿಗಳು ಸಿಗುತ್ತಾರೆ, ಜಾತ್ರೆ ಸಮಯದಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಬಿಎಡ್_ಎರಡನೇ_ವರ್ಷ

ಸರ್, ಪೆನ್ನು ಕೊಡುವುದು ನಿಲ್ಲಿಸಿದ ಮೇಲೆ ಏನಾಯಿತು?

ಗವಿಮಠದ_ದಾರಿ

ಮಗ್ಗಿ ಮರೆತರು. ಪೆನ್ನು ಇನ್ನೂ ಇದೆ.

ಬಿಎಡ್_ಎರಡನೇ_ವರ್ಷ

ಅದಕ್ಕೇ ಕೇಳಿದೆ. ನಮಗೆ ಮನೋವಿಜ್ಞಾನದ ಪೇಪರಿನಲ್ಲಿ ಒಂದು ಪ್ರಯೋಗ ಇದೆ. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವವರು ಮಾಡಿದ್ದು. ಚಿತ್ರ ಬಿಡಿಸುವುದು ಅಂದರೆ ಇಷ್ಟ ಇದ್ದ ನರ್ಸರಿ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ "ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಮುಗಿದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದರೆ, ಆಸೆ ತೋರಿಸಿ ಬಿಡಿಸಿಕೊಂಡಿದ್ದ ಮಕ್ಕಳು ಬಿಡುವಿನ ಹೊತ್ತಿನಲ್ಲಿ ಚಿತ್ರ ಬಿಡಿಸುವುದು ಉಳಿದವರಿಗಿಂತ ಕಡಿಮೆಯಾಗಿತ್ತು. ಆಟ ಆಗಿದ್ದದ್ದು ಕೂಲಿ ಆಗಿಹೋಯಿತು.

ಲಿಂಗಸುಗೂರು_ಲೆಕ್ಕ

ಅಲ್ಲೇ ಒಂದು ಮಾತು ಗಮನಿಸಿ. ಆ ಮಕ್ಕಳಿಗೆ ಮೊದಲೇ ಇಷ್ಟ ಇತ್ತು. ನಮ್ಮ ಹನ್ನೆರಡು ಜನರಿಗೆ ಮಗ್ಗಿ ಮೇಲೆ ಇಷ್ಟ ಎಲ್ಲಿತ್ತು, ಕಳೆದುಕೊಳ್ಳಲು? ಶುರು ಮಾಡಿಸಲು ಒಂದು ಪೆನ್ನು ಕೊಟ್ಟರೆ ಲೋಕ ಮುಳುಗುವುದಿಲ್ಲ. ಆದರೆ ಹಾಜರಿಗೆ ಬಹುಮಾನ ಮಾತ್ರ ಬೇಡ. ಗುಳೆ ಹೋದ ಮಗುವಿಗೆ ಅದು ಯಾವತ್ತೂ ಸಿಗುವುದಿಲ್ಲ. ಅವನ ತಪ್ಪು ಏನು?

ಗವಿಮಠದ_ದಾರಿ

ಈ ಕೊನೇ ಮಾತು ಒಪ್ಪಿದೆ.

ಹತ್ತಿ_ಹೊಲ

ಮಾನ್ವಿ ಕಡೆಯವಳು, ಟೀಚರ್ ಅಲ್ಲ, ತಾಯಿ. ನಿಮ್ಮ ಹಿಂದಿನ ಬೆಂಚಿನಂಥ ಮಗ ನನಗೂ ಒಬ್ಬ ಇದ್ದಾನೆ. ಲೆಕ್ಕದಲ್ಲಿ ಯಾವಾಗಲೂ ಫೇಲು. ಆದರೆ ಹೊಲದಲ್ಲಿ ಹತ್ತಿ ತೂಕ ಹಾಕುವಾಗ ಆಳುಗಳ ಲೆಕ್ಕ ಇಡುವವನು ಅವನೇ. ಕೆಜಿಗೆ 12 ರೂಪಾಯಿ, 38 ಕೆಜಿ ಬಿಡಿಸಿದ್ದಾಳೆ ಅಂದರೆ ಬಾಯಲ್ಲೇ 456 ಅನ್ನುತ್ತಾನೆ. ಮುಂಗಡ ತೆಗೆದುಕೊಂಡಿದ್ದರೆ ಅದನ್ನೂ ಕಳೆದು ಹೇಳುತ್ತಾನೆ. ಇದೇ ಲೆಕ್ಕ ಪರೀಕ್ಷೆಯಲ್ಲಿ ಬಂದರೆ ಯಾಕೆ ಬರುವುದಿಲ್ಲ? ಪುಸ್ತಕದಲ್ಲಿ ಹತ್ತಿ, ಮೆಣಸಿನಕಾಯಿ, ಭತ್ತದ ಲೆಕ್ಕ ಕೊಟ್ಟರೆ ಇವರಿಗೆ ತಾನಾಗಿ ಮನಸ್ಸು ಬರುತ್ತದೆ ಅಂತ ನನಗನ್ನಿಸುತ್ತದೆ.

ಬಿಎಡ್_ಎರಡನೇ_ವರ್ಷ

ಅಕ್ಕಾ, ನೀವು ಹೇಳಿದ್ದರ ಮೇಲೆಯೇ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿದೆ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಅವರ ಜೊತೆಯವರದ್ದು. ಕೋಲ್ಕತ್ತ ಮತ್ತು ದೆಹಲಿಯ ಮಾರ್ಕೆಟ್‌ಗಳಲ್ಲಿ ತರಕಾರಿ ಮಾರುವ ಮಕ್ಕಳು ಬಾಯಲ್ಲೇ ಕಷ್ಟದ ಲೆಕ್ಕ ಮಾಡುತ್ತಿದ್ದರು. ಅದನ್ನೇ ಶಾಲೆಯ ರೀತಿಯಲ್ಲಿ ಹಾಳೆ ಮೇಲೆ ಕೊಟ್ಟರೆ ಸಿಕ್ಕಿಕೊಳ್ಳುತ್ತಿದ್ದರು. ಇನ್ನೂ ಮಜಾ ಅಂದರೆ, ಮಾರ್ಕೆಟ್ ಕೆಲಸ ಗೊತ್ತಿಲ್ಲದ ಶಾಲೆ ಮಕ್ಕಳದ್ದು ಪೂರ್ತಿ ಉಲ್ಟಾ. ಹಾಳೆ ಮೇಲಿನ ಲೆಕ್ಕ ಬರುತ್ತದೆ, ಮಾರ್ಕೆಟ್ ಲೆಕ್ಕದಲ್ಲಿ ತಡವರಿಸುತ್ತಾರೆ. ಹಾಗಾಗಿ ಪುಸ್ತಕದಲ್ಲಿ ಮಾವಿನಹಣ್ಣು ತೆಗೆದು ಹತ್ತಿ ಹಾಕಿದರೆ ಸಾಲದು. ಒಂದು ಕಡೆಯ ಜಾಣತನ ಇನ್ನೊಂದು ಕಡೆಗೆ ತಾನಾಗಿ ನಡೆದು ಬರುವುದಿಲ್ಲ.

ಲಿಂಗಸುಗೂರು_ಲೆಕ್ಕ

ತಾನಾಗಿ ಬರುವುದಿಲ್ಲ, ಕರೆದುಕೊಂಡು ಬರಬೇಕು. ಅದಕ್ಕೇ ಮೇಷ್ಟ್ರು ಇರುವುದು. ಹತ್ತಿ ಹೊಲದ ಅಕ್ಕ, ಮಗನನ್ನು ಕೇಳಿ, 456 ಹೇಗೆ ಬಂತು ಅಂತ. ನನಗೆ ಗೊತ್ತು ಅವನು ಏನು ಹೇಳುತ್ತಾನೆ: "40 ಕೆಜಿಗೆ 480, ಅದರಲ್ಲಿ ಎರಡು ಕೆಜಿದು 24 ತೆಗೆದೆ." ಅವನ ಬಾಯಿಂದ ಬಂದ ಹಾಗೇ ಬೋರ್ಡಿನ ಮೇಲೆ ಬರೆದರೆ 12 × (40 − 2) = 480 − 24. ಇದು ಬೀಜಗಣಿತ. ಆವರಣ ಬಿಡಿಸುವುದು ಅಂತ ನಾವು ತಿಂಗಳುಗಟ್ಟಲೆ ಬಡಿದಾಡುವುದು ಇದಕ್ಕೇ. ಆ ಹುಡುಗ ಅದನ್ನು ಹೊಲದಲ್ಲಿ ನಿಂತು ಮಾಡುತ್ತಿದ್ದಾನೆ. ಅವನಿಗೆ ಯಾರೂ ಹೇಳಿಲ್ಲ ಅಷ್ಟೇ.

"ನೀನು ಮಾಡಿದ್ದು ಇದೇ ನೋಡು" ಅಂತ ಅವನ ಹೆಸರು ಹಾಕಿ ಬೋರ್ಡಿನ ಮೇಲೆ ಬರೆಯಿರಿ ಅಂತ ಅವನ ಟೀಚರಿಗೆ ಹೇಳಿ.

ಹತ್ತಿ_ಹೊಲ

ಕೇಳಿದೆ ಸರ್. "40ಕ್ಕೆ ಹಿಡಿದು 24 ಕಳೆದೆ, ಅದರಲ್ಲೇನಿದೆ" ಅಂದ. ನಿಮ್ಮ ಮಾತು ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದ.

ನೀಲಿ_ಪೆನ್ನು

ಎಲ್ಲಾ ಸರಿ, ಆದರೆ ಮಕ್ಕಳು ಕೂಲಿಗೆ ಹೋಗುವುದನ್ನು ಪಾಠದ ಉದಾಹರಣೆ ಮಾಡಿಬಿಟ್ಟರೆ ಅದು ಸರಿ ಅಂತ ಹೇಳಿದ ಹಾಗಾಗುವುದಿಲ್ಲವೇ? ಹದಿನಾಲ್ಕರ ಒಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ.

ಹತ್ತಿ_ಹೊಲ

ನಮ್ಮ ಹೊಲ, ನಮ್ಮ ಮಗ, ಭಾನುವಾರ. ಕಾನೂನು ಹೇಳುವವರು ಒಂದು ಸಲ ನವೆಂಬರಿನಲ್ಲಿ ಆಳು ಹುಡುಕಿ ಕೊಡಿ.

ಬ್ರಾಹ್ಮಿ_ಹುಚ್ಚು

ಎಡದಂಡೆ ಮೇಡಂ, ನಿಮ್ಮದು ಸಮಾಜ ವಿಜ್ಞಾನ, ಊರು ಸಿಂಧನೂರು. ಹಾಗಿದ್ದ ಮೇಲೆ ಮಸ್ಕಿಗೆ ಕರೆದುಕೊಂಡು ಹೋಗದೆ ಇದ್ದರೆ ಹೇಗೆ?

ನಾನು ಹೇಳುವುದು ಪ್ರವಾಸದ ಬಗ್ಗೆ ಅಲ್ಲ. ಅಶೋಕನ ಶಾಸನದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುವುದರಿಂದ ಏನೂ ಆಗುವುದಿಲ್ಲ. ನಾನು ಮಾಡುವುದು ಇಷ್ಟು. ಹೋಗುವ ಮೊದಲೇ ಬ್ರಾಹ್ಮಿ ಅಕ್ಷರಗಳ ಒಂದು ಪಟ್ಟಿ ಕೊಡುತ್ತೇನೆ. ಕ ಅಂದರೆ ಕೂಡಿಸುವ ಚಿಹ್ನೆ. ಠ ಅಂದರೆ ಬರೀ ದುಂಡು, ನಮ್ಮ ಠ ಇವತ್ತಿಗೂ ದುಂಡಗೇ ಇದೆ. ಗ ಅಂದರೆ ಗುಡಿಸಲಿನ ಛಾವಣಿ. ಮೊದಲು ತಮ್ಮ ಹೆಸರು ಬರೆಯಬೇಕು. ಆಮೇಲೆ ಗೆಳೆಯನಿಗೆ ಗುಟ್ಟಿನ ಚೀಟಿ. ಟೀಚರ್ ಬಗ್ಗೆ ಬೈದು ಬರೆದರೂ ಪರವಾಗಿಲ್ಲ, ಕಾಗುಣಿತ ಸರಿ ಇರಬೇಕು ಅಂತ ಷರತ್ತು.

ಇದರಲ್ಲಿ ಒಂದು ಸಂಗತಿ ಇದೆ. ಬ್ರಾಹ್ಮಿ ಮೊದಲ ಬೆಂಚಿನವರಿಗೂ ಬರುವುದಿಲ್ಲ. ಎಂಟು ವರ್ಷದಿಂದ ಹಿಂದೆ ಬಿದ್ದ ಮಗುವಿಗೆ ಮೊದಲ ಸಲ ಎಲ್ಲರೂ ಸೊನ್ನೆಯಲ್ಲಿ ನಿಂತಿರುವುದು ಕಾಣುತ್ತದೆ. ಕನ್ನಡ ಕಾಗುಣಿತವೇ ಬಾರದ ಒಬ್ಬ ಹುಡುಗಿ ಎಲ್ಲರಿಗಿಂತ ಮುಂಚೆ ಕಲಿತಳು. ಯಾಕೆಂದರೆ ಅವಳಿಗೆ ರಂಗೋಲಿ ಕೈ ಇತ್ತು, ಆಕಾರ ನೆನಪಿನಲ್ಲಿ ಉಳಿಯುತ್ತಿತ್ತು. ಬ್ರಾಹ್ಮಿಯಲ್ಲಿ ಇ-ಕಾರ, ಉ-ಕಾರದ ಗೆರೆ ಎಲ್ಲಿ ಸೇರುತ್ತದೆ ಅಂತ ತಿಳಿದ ಮೇಲೆ ಕನ್ನಡದ ಕಾಗುಣಿತವೂ ಬಂತು. ಹಿಂಬಾಗಿಲಿನಿಂದ ಬಂತು ಅನ್ನಿ.

ಆಮೇಲೆ ಬಂಡೆಯ ಮುಂದೆ ನಿಲ್ಲಿಸಿ "ಅಸೋಕಸ" ಹುಡುಕಿ ಅಂತ ಬಿಡಬೇಕು. 1915ರಲ್ಲಿ ಬೀಡನ್ ಅನ್ನುವ ಚಿನ್ನದ ಗಣಿ ಎಂಜಿನಿಯರ್ ಇದನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ "ದೇವಾನಂಪಿಯ", "ಪಿಯದಸಿ" ಅನ್ನುವ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಅನ್ನುವುದು ಗಟ್ಟಿಯಾದದ್ದು ನಮ್ಮ ಮಸ್ಕಿಯಿಂದ. ಮಕ್ಕಳು ಹುಡುಕಿ ಕೂಗುವುದನ್ನು ನೀವೇ ಕೇಳಬೇಕು.

ಗವಿಮಠದ_ದಾರಿ

ಕೊಪ್ಪಳದಲ್ಲಿ ಎರಡಿವೆ, ಗವಿಮಠ ಮತ್ತು ಪಾಲ್ಕಿಗುಂಡು. ಯಾರೂ ಹೇಳುವುದೇ ಇಲ್ಲ.

ಸಿರುಗುಪ್ಪ_ಸೋನಾ

ಬಳ್ಳಾರಿಯವರನ್ನೂ ಸೇರಿಸಿಕೊಳ್ಳಿ ಸ್ವಾಮಿ. ನಮ್ಮ ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಅಶೋಕನ ಹೆಸರಿದೆ. ಮಸ್ಕಿಯವರು ತಮ್ಮದೊಂದೇ ಅನ್ನುವ ಹಾಗೆ ಮಾತಾಡುತ್ತಾರೆ.

ಬ್ರಾಹ್ಮಿ_ಹುಚ್ಚು

ನಾನು ಒಂದೇ ಅಂದಿಲ್ಲ, ಮೊದಲು ಸಿಕ್ಕಿದ್ದು ಅಂದೆ. ಮಧ್ಯಪ್ರದೇಶದ ಗುಜರ್ರಾದಲ್ಲೂ ಇದೆ. ಜಗಳ ಬೇಡ, ಅಶೋಕ ಯುದ್ಧ ಬಿಟ್ಟವನು.

ಮಿರ್ಚಿ_ಮಂಡಕ್ಕಿ

ಮಸ್ಕಿಗೆ ಏಪ್ರಿಲ್‌ನಲ್ಲಿ ಹೋಗಬೇಡಿ. ಬಂಡೆ ಮೇಲೆ ಆಮ್ಲೆಟ್ ಆಗುತ್ತದೆ.

ಕೊನೇ_ಬಸ್

ಎಲ್ಲರೂ ಮಕ್ಕಳ ತಲೆಯೊಳಗೆ ಏನಿದೆ ಅಂತ ಹುಡುಕುತ್ತಿದ್ದೀರಿ. ಅವರ ಊರಿಗೂ ಶಾಲೆಗೂ ನಡುವೆ ಏನಿದೆ ಅಂತ ಒಬ್ಬರೂ ಕೇಳಲಿಲ್ಲ.

ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಿಂದ ಹೈಸ್ಕೂಲಿಗೆ ಓಡಾಡಿದವಳು. ಈಗ ನರ್ಸಿಂಗ್ ಮುಗಿಸಿದ್ದೇನೆ. ಬೆಳಗಿನ ಬಸ್ ತುಂಬಿದ್ದರೆ ನಮ್ಮೂರಲ್ಲಿ ನಿಲ್ಲಿಸುತ್ತಿರಲಿಲ್ಲ. ಎರಡನೇ ಪೀರಿಯಡ್ ಮಧ್ಯದಲ್ಲಿ ಹೋದರೆ ಬಾಗಿಲಲ್ಲೇ ನಿಲ್ಲಿಸಿ ಎಲ್ಲರ ಮುಂದೆ ಕೇಳುತ್ತಿದ್ದರು, "ಮಹಾರಾಣಿ ಈಗ ಬಂದ್ರಾ?" ಮೊದಲ ಪೀರಿಯಡ್ ಇಂಗ್ಲಿಷ್. ಇಂಗ್ಲಿಷ್‌ನಲ್ಲಿ ನಾನು ದಡ್ಡಿ ಅಂತ ಶಾಲೆ ತೀರ್ಮಾನ ಮಾಡಿತ್ತು. ಅರ್ಧ ಪಾಠ ಕೇಳಿಯೇ ಇರಲಿಲ್ಲ. ಸಂಜೆ ಮನೆಗೆ ಬಂದರೆ ನೀರು, ರೊಟ್ಟಿ, ತಮ್ಮನನ್ನು ನೋಡಿಕೊಳ್ಳುವುದು. ಮುಟ್ಟಾದಾಗ ಶಾಲೆಯಲ್ಲಿ ನೀರಿಲ್ಲದ ಶೌಚಾಲಯ, ಹಾಗಾಗಿ ರಜೆ.

2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಟಿಕೆಟ್ ಹಣ ಉಳಿದಿದೆ, ಒಳ್ಳೆಯದೇ. ಬಸ್ ನಿಲ್ಲಬೇಕಲ್ಲ? ಎಂಟನೇ ಕ್ಲಾಸಿನವರಿಗೆ 2006-07ರಲ್ಲಿ ಶುರು ಮಾಡಿದ ಸೈಕಲ್ ಕೊಡುವುದು ಕೋವಿಡ್ ಸಮಯದಲ್ಲಿ ನಿಂತಿತು. ನಮ್ಮಂಥವರಿಗೆ ಸೈಕಲ್ ಅಂದರೆ ಮೊದಲ ಪೀರಿಯಡ್.

ನನಗೆ ಓದಬೇಕು ಅನ್ನುವ ಆಸೆ ಮೊದಲಿನಿಂದಲೂ ಇತ್ತು. ಯಾರೂ ಹುಡುಕಿಕೊಡಬೇಕಾಗಿರಲಿಲ್ಲ. ಒಬ್ಬ ವಿಜ್ಞಾನದ ಮೇಡಂ ಮಾತ್ರ "ನೀನು ಬರುವುದು ಎಷ್ಟು ಹೊತ್ತಿಗೆ, ಬಸ್ ಯಾವುದು" ಅಂತ ಕೇಳಿದರು. ಆಮೇಲೆ ನನ್ನಂಥ ನಾಲ್ಕು ಹುಡುಗಿಯರಿಗೆ ಊಟದ ಬಿಡುವಿನಲ್ಲಿ ಬೆಳಗಿನ ಪಾಠದ ನೋಟ್ಸ್ ಸಿಗುವ ಹಾಗೆ ಮಾಡಿದರು. ಅಷ್ಟೇ.

ಎಡದಂಡೆ_ಟೀಚರ್

ನಮ್ಮ ಹನ್ನೆರಡು ಜನರಲ್ಲಿ ಬಸ್ಸಿನ ಮಕ್ಕಳು ಎಷ್ಟು ಅಂತ ನಾಳೆ ಕೇಳುತ್ತೇನೆ. ಥ್ಯಾಂಕ್ಸ್.

ಕನ್ನಡಕ_ಅಂಗಡಿ

ಇನ್ನೊಂದು ಸಣ್ಣ ವಿಷಯ. ಹಿಂದಿನ ಬೆಂಚಿನವರಿಗೆ ಬೋರ್ಡ್ ಕಾಣುತ್ತದೆಯೇ? ಸುಮ್ನೆ ಕೇಳಿದರೆ ಕಾಣುತ್ತದೆ ಅಂತಲೇ ಹೇಳುತ್ತಾರೆ, ಏಕೆಂದರೆ ಸ್ಪಷ್ಟವಾಗಿ ಕಾಣುವುದು ಅಂದರೆ ಹೇಗೆ ಅಂತ ಅವರಿಗೆ ಗೊತ್ತೇ ಇಲ್ಲ. ಒಂದು ಕಣ್ಣು ಮುಚ್ಚಿಸಿ ಓದಿಸಿ, ಆಮೇಲೆ ಇನ್ನೊಂದು. ಕಣ್ಣು ಕಿರಿದು ಮಾಡುವವರನ್ನು, ಪಕ್ಕದವನ ನೋಟ್ಸ್ ನೋಡಿ ಬರೆಯುವವರನ್ನು ಮೊದಲು ತಾಲೂಕು ಆಸ್ಪತ್ರೆಗೆ ಕಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬರುತ್ತದೆ, ಬಂದಾಗ ಈ ಹನ್ನೆರಡು ಹೆಸರು ಕೈಯಲ್ಲಿ ಇಟ್ಟುಕೊಂಡಿರಿ. ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇದೆಯೇ ಅಂತಲೂ ನೋಡಿಸಿ. ಮಧ್ಯಾಹ್ನ ತೂಕಡಿಸುವುದು ಯಾವಾಗಲೂ ಸೋಮಾರಿತನ ಅಲ್ಲ.

ಮುನ್ನೂರೆಪ್ಪತ್ತೊಂದು

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಇದೆ. ಸೀಟು ಇದೆ, ನೌಕರಿ ಇದೆ. ಇದನ್ನು ಮಕ್ಕಳಿಗೆ ಸರಿಯಾಗಿ ಹೇಳಿದರೆ ಸಾಕು, ತಾವಾಗಿ ಓದುತ್ತಾರೆ. ಬೇರೆ ಜಿಲ್ಲೆಯವರು ಹೊಟ್ಟೆಕಿಚ್ಚು ಪಡುತ್ತಾರೆ, ನಮ್ಮವರು ಮಲಗಿದ್ದಾರೆ.

ಸಿರುಗುಪ್ಪ_ಸೋನಾ

ಹದಿನಾಲ್ಕು ವರ್ಷದ ಹುಡುಗನಿಗೆ ಪಿಯುಸಿ, ಡಿಗ್ರಿ, ಅಧಿಸೂಚನೆ, ಕೋರ್ಟ್ ತಡೆ, ಮತ್ತೆ ಅಧಿಸೂಚನೆ ಎಲ್ಲಾ ದಾಟಿ ಸಿಗುವ ನೌಕರಿ ತೋರಿಸಿ ಇವತ್ತು ಓದು ಅನ್ನುತ್ತೀರಾ? ಅವನಿಗೆ ಶುಕ್ರವಾರವೇ ದೂರ.

ಮುನ್ನೂರೆಪ್ಪತ್ತೊಂದು

ಹಾಗಾದರೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಬಗ್ಗೆ ಹೇಳಿ. ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ, ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಇದು ಹತ್ತಿರದ್ದೇ.

ಸಿರುಗುಪ್ಪ_ಸೋನಾ

ಅದಕ್ಕೆ ಏಳನೇ ಕ್ಲಾಸಿನಲ್ಲಿ 55 ಪರ್ಸೆಂಟ್ ಇರಬೇಕು. ಇಲ್ಲಿ ಮಾತಾಡುತ್ತಿರುವುದು ಅಷ್ಟು ಬಾರದ ಮಕ್ಕಳ ಬಗ್ಗೆ. ಮೇಲಾಗಿ ಇವರು ಈಗಾಗಲೇ ಒಂಬತ್ತನೇ ಕ್ಲಾಸು.

ಕುಷ್ಟಗಿ_ಕನ್ನಡ

ಮೂಲ ಪ್ರಶ್ನೆಗೆ ಬರೋಣ. ಪತ್ತೆ ಹಚ್ಚುವುದು ಹೇಗೆ ಅಂತ ಕೇಳಿದ್ದರು.

"ಏನಾಗಬೇಕು", "ಏನು ಇಷ್ಟ" ಎರಡೂ ಕೇಳಬೇಡಿ. ಮೊದಲನೆಯದಕ್ಕೆ ಸುಳ್ಳು ಬರುತ್ತದೆ, ಎರಡನೆಯದಕ್ಕೆ "ಕಬಡ್ಡಿ ಸರ್" ಅಂತ ಬರುತ್ತದೆ. ನಾನು ಕೇಳುವುದು ಬೇರೆ: ಮನೆಯಲ್ಲಿ, ಓಣಿಯಲ್ಲಿ ಯಾವ ಕೆಲಸಕ್ಕೆ ನಿನ್ನನ್ನೇ ಕರೆಯುತ್ತಾರೆ? ಇದಕ್ಕೆ ಉತ್ತರ ಇಲ್ಲದ ಮಗುವನ್ನು ನಾನು ನೋಡಿಲ್ಲ. ಅಜ್ಜಿಗೆ ಮಾತ್ರೆ ಯಾವುದು ಅಂತ ಹೇಳುವುದು, ಹಾವು ಬಂದರೆ ಓಡಿಸುವುದು, ಮದುವೆಯಲ್ಲಿ ಬಡಿಸುವುದು, ಇಬ್ಬರು ಚಿಕ್ಕಮ್ಮಂದಿರ ಜಗಳ ಬಿಡಿಸುವುದು. ಇನ್ನೂ ಒಂದು ಪ್ರಶ್ನೆ: ಯಾರಿಗಾದರೂ ಏನಾದರೂ ಕಲಿಸಿದ್ದೀಯಾ? ಸೈಕಲ್, ಈಜು, ಯಾವುದಾದರೂ. ಅಲ್ಲಿ ಮಾತು ಬಿಚ್ಚಿಕೊಳ್ಳುತ್ತದೆ.

ಇದನ್ನು ಕ್ಲಾಸಿನಲ್ಲಿ ಎಲ್ಲರ ಮುಂದೆ ಕೇಳಬಾರದು. ಬಿಸಿಯೂಟದ ಸಾಲಿನಲ್ಲಿ, ಗಿಡಕ್ಕೆ ನೀರು ಹಾಕುವಾಗ, ನಡೆಯುತ್ತಾ ಕೇಳಬೇಕು. ಎದುರು ಕೂರಿಸಿ ಪೆನ್ನು ಹಿಡಿದು ಕೇಳಿದರೆ ಪೊಲೀಸ್ ಸ್ಟೇಷನ್ ಆಗುತ್ತದೆ. ಮನೆ ಭೇಟಿಗೆ ಹೋದಾಗ ಅಂಕದ ಸುದ್ದಿ ಎತ್ತಬೇಡಿ. "ಇವನು ಮನೆಯಲ್ಲಿ ಏನೇನು ಮಾಡುತ್ತಾನೆ" ಅಂತ ಕೇಳಿ ನೋಡಿ. ಟೀಚರ್ ಬಂದಿದ್ದು ದೂರು ಹೇಳಲು ಅಲ್ಲ ಅಂತ ಗೊತ್ತಾದರೆ ತಾಯಂದಿರು ಚಹಾ ಆರುವ ತನಕ ಹೇಳುತ್ತಾರೆ.

ತಿಂಗಳು ಹಿಡಿಯುತ್ತದೆ. ಅವಸರ ಮಾಡಬೇಡಿ.

ಎರೆಮಣ್ಣು

ಕುಷ್ಟಗಿ ಸರ್, ನಿಮ್ಮ ಪ್ರಶ್ನೆ ಚೆನ್ನಾಗಿದೆ, ಆದರೆ ಇದರಲ್ಲಿ ಒಂದು ಹೊಂಡ ಇದೆ. ನಾನು ಅದರಲ್ಲಿ ಬಿದ್ದವನು.

ನಮ್ಮದು ಕುರಿ ಕಾಯುವ ಮನೆ. ಶಾಲೆಯಲ್ಲಿ ಒಬ್ಬ ಒಳ್ಳೆಯ ಮೇಷ್ಟ್ರು ನನ್ನ ಆಸಕ್ತಿ ಕಂಡುಹಿಡಿದರು. ಏನು ಆಸಕ್ತಿ? ಕುರಿ. ಪ್ರಾಜೆಕ್ಟ್ ಕೊಟ್ಟರೆ ಕುರಿ, ಭಾಷಣ ಮಾಡಿಸಿದರೆ ಕುರಿ, ಪ್ರತಿಭಾ ಕಾರಂಜಿಗೆ ಕಂಬಳಿ ಹೊದಿಸಿ ಛದ್ಮವೇಷ, ಮತ್ತೆ ಕುರುಬ. ಎಲ್ಲರೂ ಚಪ್ಪಾಳೆ ತಟ್ಟಿದರು. ವಕೀಲರ ಮಗನಿಗೆ ಯಾರೂ ಕರಿಕೋಟು ಹಾಕಿಸಲಿಲ್ಲ. ಅವನು ವಿವೇಕಾನಂದ ಆದ, ವಿಜ್ಞಾನಿ ಆದ. ಮನೆಯಲ್ಲಿ ಯಾವ ಕೆಲಸಕ್ಕೆ ಕರೆಯುತ್ತಾರೆ ಅನ್ನುವುದನ್ನೇ ಮಗುವಿನ ಮನಸ್ಸು ಅಂತ ತಿಳಿದರೆ ಅಪ್ಪನ ಕಸುಬನ್ನೇ ಮತ್ತೆ ಕೈಗೆ ಕೊಟ್ಟ ಹಾಗೆ.

ನನಗೆ ಹುಚ್ಚು ಹಿಡಿಸಿದ್ದು ಶಾಲೆಯ ಬೀರುವಿನಲ್ಲಿದ್ದ ಹಳೇ ಅಟ್ಲಾಸ್. ನಾರ್ವೆಯ ಅಂಚು ಯಾಕೆ ಹರಿದ ಬಟ್ಟೆ ಥರ ಇದೆ ಅಂತ ದಿನಗಟ್ಟಲೆ ಯೋಚನೆ ಮಾಡಿದ್ದೇನೆ. ನಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರೂ ನನ್ನನ್ನು ನಾರ್ವೆ ನೋಡಲು ಕರೆದಿರಲಿಲ್ಲ. ಮಗು ಯಾವತ್ತೂ ನೋಡದೆ ಇರುವುದರಲ್ಲೂ ಅದರ ಇಷ್ಟ ಇರಬಹುದು. ಬೀರುವಿನ ಬೀಗ ತೆಗೆಯಿರಿ ಮೊದಲು. ನಮ್ಮ ಎಷ್ಟೋ ಶಾಲೆಗಳಲ್ಲಿ ಲೈಬ್ರರಿ ಅಂದರೆ ಹೆಡ್‌ಮಾಸ್ಟರ್ ಬೆನ್ನ ಹಿಂದಿನ ಗೋದ್ರೇಜ್.

ಕುಷ್ಟಗಿ_ಕನ್ನಡ

ಒಪ್ಪುತ್ತೇನೆ. ನನ್ನ ಪ್ರಶ್ನೆ ಮಾತು ಶುರು ಮಾಡಲು. ಅಲ್ಲೇ ನಿಲ್ಲಬಾರದು. ಆದರೆ ಬೀರು ತೆಗೆದ ತಕ್ಷಣ ಓದಲು ಬಾರದವನು ಪುಸ್ತಕ ಮುಟ್ಟುವುದಿಲ್ಲ. ಅಟ್ಲಾಸ್‌ನಲ್ಲಿ ಚಿತ್ರ ಇತ್ತು, ನಿಮಗೆ ಅನುಕೂಲವಾಯಿತು.

ಎರೆಮಣ್ಣು

ಹೌದು. ಊರುಗಳ ಹೆಸರು ಓದಲು ಹೋಗಿಯೇ ನನ್ನ ಇಂಗ್ಲಿಷ್ ಸುಧಾರಿಸಿದ್ದು.

ಎಡದಂಡೆ_ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಕೆಲವು ದಿನ ಸುಮ್ಮನಿದ್ದೆ, ನೀವು ಹೇಳಿದ್ದನ್ನು ನೋಡುತ್ತಿದ್ದೆ.

ಲೆಕ್ಕ ಸರ್, ಓದಿಸಿದೆ. ನೀವಂದದ್ದು ನಿಜ. ಹನ್ನೆರಡರಲ್ಲಿ ಏಳು ಮಕ್ಕಳು ಪ್ಯಾರಾದಲ್ಲೇ ನಿಂತರು, ಇಬ್ಬರು ಪದದಲ್ಲಿ. ಒಬ್ಬ ಹುಡುಗನಿಗೆ ಎಡಗಣ್ಣು ಮುಚ್ಚಿಸಿದರೆ ಬೋರ್ಡೇ ಕಾಣಲಿಲ್ಲ. ಬಸ್ಸಿನ ಹುಡುಗಿಯರು ಮೂವರು. ಉಳಿದವರಿಗೆ ಓದಲು ಬರುತ್ತದೆ, ಆದರೂ ಸುಮ್ನೆ ಕೂರುತ್ತಾರೆ. ಅಂದರೆ ನಾನು ಒಂದು ಗುಂಪು ಅಂದುಕೊಂಡಿದ್ದು ಒಂದು ಗುಂಪೇ ಅಲ್ಲ.

ಕುಷ್ಟಗಿ ಸರ್ ಪ್ರಶ್ನೆ ನೀರಿನ ಟ್ಯಾಂಕ್ ಹತ್ತಿರ ನಿಂತು ಕೇಳಿದೆ. ಒಬ್ಬನನ್ನು ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಅಂತ ಕೇಳಲು ಕರೆಯುತ್ತಾರಂತೆ. ಟಿಬಿ (ತುಂಗಭದ್ರಾ) ಡ್ಯಾಂನಲ್ಲಿ ಎಷ್ಟು ಟಿಎಂಸಿ ನೀರಿದೆ ಅಂತ ದಿನಾ ಯಾರದ್ದಾದರೂ ಫೋನ್‌ನಲ್ಲಿ ನೋಡುತ್ತಾನೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕಿತ್ತುಹೋದಾಗ ಎಷ್ಟು ನೀರು ಹರಿದು ಹೋಯಿತು, ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ಹೇಗೆ ಇಳಿಸಿದರು ಎಲ್ಲಾ ಹೇಳಿದ. ನಮ್ಮೂರು ಕಾಲುವೆಯ ಕೊನೆಯಲ್ಲಿದೆ, ನೀರು ಬಂದರೆ ಬಂತು. ನೀರಾವರಿ ಪಾಠ ನಾನು ಮಾಡುವಾಗ ಇದೇ ಹುಡುಗ ಕಿಟಕಿ ನೋಡುತ್ತಿದ್ದ. ಪುಸ್ತಕದಲ್ಲಿ ನಮ್ಮ ಡ್ಯಾಂ ಬಗ್ಗೆ ಇರುವುದು ನಾಲ್ಕು ಸಾಲು, ಅವನಿಗೆ ಗೊತ್ತಿರುವುದು ನಲವತ್ತು.

ಇನ್ನೊಬ್ಬಳು ಏನೂ ಹೇಳಲಿಲ್ಲ. ಮೂರು ಸಲ ಕೇಳಿದ ಮೇಲೆ, "ತಂಗಿಗೆ ಕಥೆ ಹೇಳಲು ಕರೆಯುತ್ತಾರೆ" ಅಂದಳು. ಇವಳು ಪದದಲ್ಲೇ ನಿಂತವಳು. ಈಗ ಓದು ಕಲಿಸುವುದು ಹೇಗೆ? ಒಂಬತ್ತನೇ ಕ್ಲಾಸಿನವರ ಕೈಗೆ ಎರಡನೇ ಕ್ಲಾಸಿನ ಪುಸ್ತಕ ಕೊಟ್ಟರೆ ನಾಳೆಯಿಂದ ಶಾಲೆಗೇ ಬರುವುದಿಲ್ಲ.

ಲಿಂಗಸುಗೂರು_ಲೆಕ್ಕ

ನಿಮ್ಮ ಆವರಣದಲ್ಲಿ ಪ್ರೈಮರಿ ಶಾಲೆ ಇದೆಯೇ?

ಎಡದಂಡೆ_ಟೀಚರ್

ಇದೆ, ಗೋಡೆಯ ಆಚೆ.

ಲಿಂಗಸುಗೂರು_ಲೆಕ್ಕ

ಮುಗಿಯಿತು. ಶನಿವಾರ ಈ ಮಕ್ಕಳು ಒಂದು, ಎರಡನೇ ಕ್ಲಾಸಿನವರಿಗೆ ಕಥೆ ಓದಿ ಹೇಳುವವರು. ಓದಿ ಹೇಳಬೇಕು ಅಂದರೆ ಗುರುವಾರ, ಶುಕ್ರವಾರ ತಾವು ತಯಾರಾಗಬೇಕು. ಸುಲಭದ ಪುಸ್ತಕ ಯಾಕೆ ಓದುತ್ತಿದ್ದೀಯಾ ಅಂತ ಯಾರಾದರೂ ಕೇಳಿದರೆ ಉತ್ತರ ಇದೆ: ಚಿಕ್ಕವರಿಗೆ ಓದಬೇಕು. ನಗುವವರು ಯಾರೂ ಇಲ್ಲ. ತಂಗಿಗೆ ಕಥೆ ಹೇಳುವ ಹುಡುಗಿಯಿಂದ ಶುರು ಮಾಡಿ. ನೀರಿನ ಹುಡುಗನನ್ನು ಇದಕ್ಕೆ ಹಾಕಬೇಡಿ, ಅವನಿಗೆ ಬೇರೆ ಕೆಲಸ. ಬೆಳಗ್ಗೆ ಬೋರ್ಡಿನ ಮೂಲೆಯಲ್ಲಿ ಡ್ಯಾಂ ಮಟ್ಟ ಬರೆಯುವುದು, ವಾರಕ್ಕೊಮ್ಮೆ ಗ್ರಾಫ್ ಹಾಕುವುದು. ಗ್ರಾಫ್‌ನ ಅಂಕ ಎಸ್‌ಎಸ್‌ಎಲ್‌ಸಿಯಲ್ಲೂ ಇದೆ, ನಿಮ್ಮ ಬಿಇಒ ಬಂದರೆ ತೋರಿಸಲೂ ಆಗುತ್ತದೆ.

ನೀಲಿ_ಪೆನ್ನು

ಪುಸ್ತಕ ಎಲ್ಲಿಂದ ತರುವುದು? ಪ್ರೈಮರಿಯ ನಲಿಕಲಿ ಕಾರ್ಡ್ ಕೊಟ್ಟರೆ ಮಕ್ಕಳು ಗುರುತು ಹಿಡಿಯುತ್ತಾರೆ, ಅವರೂ ಅದರಲ್ಲೇ ಕಲಿತವರು.

ಬಿಎಡ್_ಎರಡನೇ_ವರ್ಷ

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳಿವೆ, ಉಚಿತ. ಓದುವ ಮಟ್ಟಕ್ಕೆ ತಕ್ಕ ಹಾಗೆ ಒಂದರಿಂದ ನಾಲ್ಕು ಅಂತ ವಿಂಗಡಿಸಿದ್ದಾರೆ. ಒಂದನೇ ಮಟ್ಟದಲ್ಲಿ ಪುಟಕ್ಕೆ ಒಂದೆರಡು ಸಾಲು ಮಾತ್ರ. ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬಹುದು.

ಜೆರಾಕ್ಸ್_ಸಿಂಧನೂರು

ಪ್ರಿಂಟ್ ನಮ್ಮ ಅಂಗಡಿಯಲ್ಲಿ ತೆಗೆದುಕೊಡುತ್ತೇನೆ ಮೇಡಂ, ದುಡ್ಡು ಬೇಡ. ಕಪ್ಪು ಬಿಳುಪು ಮಾತ್ರ, ಕಲರ್ ಆದರೆ ಕಾಗದದ ಖರ್ಚು ಕೊಡಿ. ಪೆನ್‌ಡ್ರೈವ್‌ನಲ್ಲಿ ತನ್ನಿ, ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ನೂರು ಫೈಲ್ ನಡುವೆ ಕಳೆದುಹೋಗುತ್ತದೆ.

ಕೊನೇ_ಬಸ್

ಶನಿವಾರ ಬೆಳಗಿನ ಶಾಲೆ ಅಲ್ವಾ? ಮೂವರು ಬಸ್ಸಿನ ಹುಡುಗಿಯರ ಸರದಿ ಕೊನೆಗೆ ಇಡಿ ಮೇಡಂ.

ಎಡದಂಡೆ_ಟೀಚರ್

ಹತ್ತೂವರೆಗೆ ಇಡುತ್ತೇನೆ. ಅಷ್ಟೊತ್ತಿಗೆ ಎರಡನೇ ಬಸ್ಸೂ ಬಂದಿರುತ್ತದೆ.